ತಾತನ ಬಾಗಿಲು ತಟ್ಟಿದ್ದು ಯಾರು?

"ಬೀಟ್‌ನಲ್ಲಿ ಮೊದಲಿನ ಏಟೇ ಇಲ್ಲ" ಎಂದು ನಮ್ಮ ಪಕ್ಕದ ಮನೆಯವರು ಕ್ಲಿಪ್ಸ್ ಎಂಬ ರ‍್ಯಾಪ್ ಜೋಡಿಯ ಆಲ್ಬಂ ಕೇಳಿ ಇನ್ನೂ ಬೇಜಾರಿನಲ್ಲಿದ್ದಾರೆ. ನಾವಿರುವುದು ಅಮೆರಿಕದ ವರ್ಜೀನಿಯಾ ಬೀಚ್‌ನಲ್ಲಿ. ಆ ಜೋಡಿ ಬೆಳೆದದ್ದು ಇದೇ ಊರಿನಲ್ಲಿ. ಅಣ್ಣ ಮ್ಯಾಲಿಸ್, ತಮ್ಮ ಪುಶಾ ಟಿ. 2009ರ ನಂತರ ಇಬ್ಬರೂ ಸೇರಿ ಆಲ್ಬಂ ಮಾಡಿರಲಿಲ್ಲ. ಮ್ಯಾನೇಜರ್ ಮಾದಕವಸ್ತು ಕೇಸಿನಲ್ಲಿ ಜೈಲು ಸೇರಿದ, ಅಣ್ಣ ದೇವರ ಕಡೆ ತಿರುಗಿದ, ತಮ್ಮ ಒಬ್ಬನೇ ಹಾಡಿ ಹೆಸರು ಮಾಡಿದ. ಹದಿನಾರು ವರ್ಷ ಕಾಯಿಸಿ, 2025ರ ಜುಲೈ 11ಕ್ಕೆ 'ಲೆಟ್ ಗಾಡ್ ಸಾರ್ಟ್ ಎಮ್ ಔಟ್' ಬಂತು.

ಪಕ್ಕದ ಮನೆಯವರ ಬೇಜಾರಿಗೆ ಕಾರಣವಿದೆ. 2002ರಲ್ಲಿ ಈ ಜೋಡಿಯ 'ಗ್ರೈಂಡಿನ್' ಬಂದಾಗ ಅವರು ಇಲ್ಲೇ ಹೈಸ್ಕೂಲಿನಲ್ಲಿದ್ದರು. ಹೆಚ್ಚುಕಡಿಮೆ ಬರೀ ತಾಳದ ಮೇಲೇ ನಿಂತ ಹಾಡು ಅದು. ಶಾಲೆಯ ಊಟದ ಮೇಜುಗಳ ಮೇಲೆ ಮಕ್ಕಳು ಗುದ್ದಿ ಗುದ್ದಿ ಅದೇ ತಾಳ ಹಾಕುತ್ತಿದ್ದರು. ಆ ಬೀಟ್ ಕಟ್ಟಿದವರು ಫ್ಯಾರೆಲ್ ವಿಲಿಯಮ್ಸ್ ಮತ್ತು ಚಾಡ್ ಹ್ಯೂಗೋ. ಈ ಸಲ ಚಾಡ್ ಇಲ್ಲ, ಫ್ಯಾರೆಲ್ ಒಬ್ಬರೇ. ಕೆಲಸ ನಡೆದದ್ದೂ ಪ್ಯಾರಿಸ್‌ನಲ್ಲಿ, ಲೂಯಿ ವಿಟಾನ್ ಎಂಬ ಫ್ಯಾಷನ್ ಕಂಪನಿಯ ಕಚೇರಿಯಲ್ಲಿ. "ಇದಕ್ಕೆ ಯಾವ ಹುಡುಗ ಮೇಜು ಗುದ್ತಾನೆ?" ಎನ್ನುತ್ತಾರೆ ಪಕ್ಕದ ಮನೆಯವರು.

ನನಗೆ ಈ ಜೋಡಿಯ ಪರಿಚಯ ಆದದ್ದು ಬೆಂಗಳೂರಿನಲ್ಲಿ, ನನ್ನ ತಮ್ಮನಿಂದ. ಮೆಜೆಸ್ಟಿಕ್‌ನ ನ್ಯಾಷನಲ್ ಮಾರ್ಕೆಟ್‌ನಿಂದ ಸಿಡಿ ತಂದು, ಹನುಮಂತನಗರದ ನಮ್ಮ ಮನೆಯಲ್ಲಿ ಅಕ್ಕಿ ಡಬ್ಬದ ಮೇಲೆ ಅದೇ ತಾಳ ಬಾರಿಸುತ್ತಿದ್ದ. ಅಪ್ಪ ಪ್ರತಿ ವರ್ಷ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಚೇರಿಗಳನ್ನು ಮೊದಲ ಸಾಲಿನಲ್ಲಿ ಕೂತು ಕೇಳುವವರು. ಒಂದು ದಿನ ರೂಮಿನಿಂದ ಎದ್ದು ಬಂದು ಪೂರ್ತಿ ಕೇಳಿ, "ತಾಳ ಗಟ್ಟಿಯಾಗಿದೆ ಕಣೋ, ರಾಗ ಎಲ್ಲಿ ಬಿಟ್ಟು ಬಂದ್ರು?" ಎಂದರು. ಬೈಯಲಿಲ್ಲ.

ಈಗ ವೈಟ್‌ಫೀಲ್ಡ್‌ನಲ್ಲಿರುವ ತಮ್ಮನ ದೂರು ಬೇರೆ. "ಐವತ್ತರ ಹತ್ರ ಬಂದವರು ಇನ್ನೂ ಕೊಕೇನ್ ಮಾರಿದ ಕಥೆನೇ ಹೇಳ್ತಾರಲ್ಲ ಅಕ್ಕಾ. ಹೇಳೋ ಕಸುಬಿನಲ್ಲಿ ಮಾತ್ರ ಇವತ್ತಿಗೂ ಯಾರೂ ಹತ್ರ ಬರಲ್ಲ." ಫ್ಯಾರೆಲ್ ಹಾಡಿರುವ ಪಲ್ಲವಿಗಳು ನನಗೂ ತೆಳುವೆನಿಸಿದವು. ಆದರೆ ಬೀಟ್ ಸೋತಿತು ಎಂದು ಇಡೀ ಆಲ್ಬಮನ್ನು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಮೊದಲ ಹಾಡೊಂದೇ ಸಾಕು. ಅದನ್ನು ಕೇಳಿದೆಯಾ ಎಂದರೆ ತಮ್ಮ, "ಅದೊಂದು ಬಿಟ್ಟೆ" ಎಂದ.

ಏಕೆಂದು ನನಗೆ ಗೊತ್ತು. ಆ ಮೊದಲ ಹಾಡು, 'ದ ಬರ್ಡ್ಸ್ ಡೋಂಟ್ ಸಿಂಗ್', ಕ್ಲಿಪ್ಸ್ ಅಣ್ಣತಮ್ಮಂದಿರ ಅಪ್ಪ ಅಮ್ಮನ ಸಾವಿನ ಹಾಡು. ಕೆಲವೇ ತಿಂಗಳ ಅಂತರದಲ್ಲಿ ಇಬ್ಬರೂ ಹೋದರು. ಪುಶಾ ಟಿ ಅಮ್ಮನನ್ನು ನೆನೆಯುತ್ತಾನೆ, ಅಣ್ಣ ಮ್ಯಾಲಿಸ್ ಅಪ್ಪನನ್ನು. ಕಾರು ಹೊರಗೆ ನಿಂತಿದೆ, ಅಪ್ಪ ಮನೆಯಲ್ಲೇ ಇದ್ದಾರೆ, ಅಣ್ಣ ಬಾಗಿಲು ತಟ್ಟುತ್ತಾನೆ. ಮೂರನೇ ಸಲ ತಟ್ಟುವಾಗ ಅವನ ಮೈಯೆಲ್ಲ ತಣ್ಣಗಾಗುತ್ತದೆ.

ಮಗಳನ್ನು ಈಜು ಕ್ಲಾಸಿಗೆ ಬಿಡಲು ಹೋಗುವಾಗ ಕಾರಿನಲ್ಲಿ ಇದೇ ಹಾಡು ಬರುತ್ತಿತ್ತು. ಅವಳಿಗೆ ಹನ್ನೆರಡು. ಸುಮ್ಮನೆ ಕೇಳುತ್ತಿದ್ದವಳು, "ಅಮ್ಮಾ, ನಮ್ಮ ತಾತನ ಬಾಗಿಲು ತಟ್ಟಿದ್ದು ಯಾರು?" ಎಂದಳು.

ಅಮ್ಮ ಹೋದ ಮೇಲೆ ಅಪ್ಪ ಹನುಮಂತನಗರದಲ್ಲಿ ಒಬ್ಬರೇ ಇದ್ದರು ಎಂದು ಅವಳಿಗೆ ಗೊತ್ತು, ನಿದ್ದೆಯಲ್ಲೇ ಹೋದರು ಎಂದೂ ಗೊತ್ತು. ಉಳಿದದ್ದನ್ನು ಅವಳು ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಅವತ್ತು ಹೇಳಿದೆ.

ತಟ್ಟಿದ್ದು ಎದುರು ಮನೆ ಆಂಟಿ. ಬೆಳಿಗ್ಗೆ ಏಳಾದರೂ ಗೇಟಿನ ಚೀಲದಲ್ಲಿ ನಂದಿನಿ ಹಾಲು ಹಾಗೇ ಇತ್ತು, ಮೆಟ್ಟಿಲ ಮೇಲೆ ಪೇಪರ್ ಬಿದ್ದಿತ್ತು. ಅಪ್ಪ ಐದೂವರೆಗೇ ಕಾಫಿ ಕುಡಿದು ಮುಗಿಸುವವರು. ಆಂಟಿ ಸೆರಗು ಸಿಕ್ಕಿಸಿಕೊಂಡು ಬಂದು "ಮೇಷ್ಟ್ರೇ, ಮೇಷ್ಟ್ರೇ" ಎಂದು ಕೂಗಿ ತಟ್ಟಿದ್ದಾರೆ. ಬಾಗಿಲು ತೆರೆಯದಿದ್ದಾಗ ಮೂಲೆಯ ಇಸ್ತ್ರಿ ಅಂಗಡಿಯವರನ್ನು ಕರೆಸಿದ್ದಾರೆ. ಅವರು ಹಿಂದಿನ ಗೋಡೆ ಹತ್ತಿ ಒಳಗಿಳಿದರು. ತಮ್ಮನಿಗೆ ಫೋನ್, ಆಮೇಲೆ ನನಗೆ. ಆಫೀಸು ಹೊತ್ತಿನ ಟ್ರಾಫಿಕ್ಕಿನಲ್ಲಿ ವೈಟ್‌ಫೀಲ್ಡ್‌ನಿಂದ ಅಲ್ಲಿಗೆ ತಲುಪುವುದು ಎಷ್ಟು ಕಷ್ಟವೆಂದು ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಅವನು ಬರುವವರೆಗೂ ಆಂಟಿ ದೀಪ ಹಚ್ಚಿಟ್ಟು ಅಪ್ಪನ ತಲೆ ಹತ್ತಿರವೇ ಕೂತಿದ್ದರು. ಸಂಬಂಧವಲ್ಲ, ಒಂದೇ ಜಾತಿಯೂ ಅಲ್ಲ. ಇಷ್ಟನ್ನು ಹೇಳುವಾಗ ನನಗೆ ನಮ್ಮ ಬೀದಿಯ ಬಗ್ಗೆ ಬಂದ ಹೆಮ್ಮೆಯನ್ನು ಮಗಳೂ ಕಂಡಳು.

"ಈಗಲೂ ಬೆಂಗಳೂರಲ್ಲಿ ಹಾಗೇನಾ?" ಎಂದಳು. ಹೌದು ಎನ್ನಲು ನಾಲಿಗೆ ಬರಲಿಲ್ಲ. ನಮ್ಮ ಮನೆ ಇದ್ದ ಜಾಗದಲ್ಲಿ ನಾಲ್ಕು ಅಂತಸ್ತು ಎದ್ದಿದೆ. ತಮ್ಮನ ಅಪಾರ್ಟ್‌ಮೆಂಟಿನಲ್ಲಿ ಫೋನಿನಲ್ಲಿ ಒಪ್ಪಿಗೆ ಒತ್ತದೆ ಯಾರೂ ಬಾಗಿಲವರೆಗೆ ಬರುವಂತಿಲ್ಲ. ಪಕ್ಕದಲ್ಲಿ ಯಾರಿದ್ದಾರೆ ಎಂದರೆ ಫ್ಲ್ಯಾಟ್ ನಂಬರ್ ಹೇಳುತ್ತಾನೆ. ಕಳ್ಳರ ಭಯ ನಿಜ, ಕಾವಲು ಬೇಕು, ಒಪ್ಪುತ್ತೇನೆ. ಆದರೆ ಒಂಬತ್ತನೇ ಮಹಡಿಯಲ್ಲಿ ಹಾಲಿನ ಪ್ಯಾಕೆಟ್ ಹಾಗೇ ಉಳಿದರೆ ನೋಡುವವರು ಯಾರು? ಅಮೆರಿಕದ ಒಂಟಿತನವನ್ನು, ನಾನು ಊರಿಗೆ ಹೋದಾಗಲೆಲ್ಲ, ನನ್ನ ಮುಂದೆ ಆಡಿಕೊಳ್ಳುವ ನೆಂಟರು ಅದನ್ನೇ ಚದರಡಿ ಲೆಕ್ಕದಲ್ಲಿ ಕೊಳ್ಳುತ್ತಿದ್ದಾರೆ. ನನಗೆ ಇದರಿಂದ ನೋವಾಗುತ್ತದೆ.

ಮಗಳ ಪ್ರಶ್ನೆಯನ್ನು ತಮ್ಮನಿಗೆ ಹೇಳಿದೆ. ಅವನು ಬೇರೆ ಮಾತೆತ್ತಿದ. ಮರುದಿನ ಮೆಸೇಜು: "ಕೇಳಿದೆ ಅಕ್ಕಾ. ಅಣ್ಣ ಹಾಡೋ ಭಾಗ ಎರಡು ಸಲ ಕೇಳಿದೆ. ಬೀಟ್ ಸರಿಯಾಗೇ ಇದೆ, ನಿಮ್ಮ ಪಕ್ಕದ ಮನೆಯವರಿಗೆ ಹೇಳು." ಹಿಂದೆಯೇ ಇನ್ನೊಂದು: "ಭಾನುವಾರ ಆಂಟಿ ಮನೆಗೆ ಹೋಗ್ತಿದೀನಿ." ಗಾಂಧಿ ಬಜಾರಿನಲ್ಲಿ ಇಳಿದು ಮಲ್ಲಿಗೆ ತಗೊಂಡು ಹೋಗು, ಮಗಳೂ ಮಾತಾಡಬೇಕಂತೆ, ಅಲ್ಲಿಂದಲೇ ವಿಡಿಯೋ ಕಾಲ್ ಮಾಡು ಎಂದಿದ್ದೇನೆ.