ದೇವಿಮನೆ ಘಟ್ಟ ಇಳಿದು ನೂರು ಮೀಟರ್ ಓಟಕ್ಕೆ

ಶಿರಸಿಯಿಂದ ಕಾರವಾರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ತಮ್ಮನದೇ. ಅದರಲ್ಲಿ ಎರಡು ಮಾತಿಲ್ಲ. ದೇವಿಮನೆ ಘಟ್ಟದ ತಿರುವುಗಳಲ್ಲಿ ನನಗೆ ಹೊಟ್ಟೆ ತೊಳಸುತ್ತಿದ್ದರೆ, ಅವನು ಮೊಬೈಲಿನಲ್ಲಿ ದೀಪ್ತಿ ಜೀವಂಜಿ ಓಡುವುದನ್ನು ನೋಡುತ್ತಾ ಕೂತಿದ್ದ. ತೆಲಂಗಾಣದ ಈ ಹುಡುಗಿ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ 400 ಮೀಟರ್ ಓಟದ ಕಂಚು ಗೆದ್ದವಳು. ಬೌದ್ಧಿಕ ವಿಕಲತೆ ಇರುವವರ ಟಿ20 ವಿಭಾಗ, 55.82 ಸೆಕೆಂಡು. ಗಡಿಯಾರ ನೋಡಿ ಹೊತ್ತು ಹೇಳೋಕೆ ನಮ್ಮವನಿಗೆ ಬರೋದಿಲ್ಲ. ಈ ಸಂಖ್ಯೆ ಮಾತ್ರ ಬಾಯಿಪಾಠ.

ಕತಗಾಲ ದಾಟಿ ಕುಮಟಾ ಹತ್ತಿರ ಬರುತ್ತಿದ್ದಂತೆ ಸೆಕೆ ಶುರುವಾಯಿತು. "ಸಮುದ್ರ ಬಂತಾ ಅಕ್ಕಾ?" ಇನ್ನೂ ಇಲ್ಲ. ಶಿರೂರಿನಲ್ಲಿ 2024ರ ಜುಲೈಯಲ್ಲಿ ಕುಸಿದ ಗುಡ್ಡ ಕಂಡಾಗ ಬಸ್ಸಿನಲ್ಲಿ ಎಲ್ಲರೂ ಆ ಕಡೆಗೇ ತಿರುಗಿದರು. ಅಂಕೋಲೆಯಲ್ಲಿ ಚಾ ಕುಡಿದೆವು. ಆಮೇಲಿನದ್ದು ಹೇಳುವಂಥದ್ದೇನಿಲ್ಲ.

ಕಾರವಾರದ ಮೈದಾನದಲ್ಲಿ ಆಗಲೇ ಸುಣ್ಣದ ಗೆರೆ ಎಳೆದಿದ್ದರು. ಜಿಲ್ಲೆಯ ಬೇರೆ ಬೇರೆ ಊರಿನ ವಿಶೇಷ ಶಾಲೆಗಳವರು ಬಂದಿದ್ದರು. ಉದ್ಘಾಟನೆಗೆ ಬಂದ ಗಣ್ಯರೊಬ್ಬರು "ಇವರೆಲ್ಲ ದೇವರ ಮಕ್ಕಳು" ಅಂದರು. ನನ್ನ ತಮ್ಮನಿಗೆ ಮೂವತ್ತು ಹತ್ತಿರ ಬಂತು. ಅವತ್ತು ಬೆಳಿಗ್ಗೆ ಗಡ್ಡ ಬೋಳಿಸಿಕೊಂಡು ಬಂದಿದ್ದ.

ನಂತರ ಬೌದ್ಧಿಕ ವಿಕಲತೆ ಇರುವವರಿಗೆಂದೇ ನಡೆಯುವ ಸ್ಪೆಷಲ್ ಒಲಿಂಪಿಕ್ಸ್‌ನ ಪ್ರತಿಜ್ಞೆ. 1968ರಲ್ಲಿ ಯೂನಿಸ್ ಕೆನಡಿ ಶ್ರೈವರ್ ಶಿಕಾಗೋದಲ್ಲಿ ಶುರು ಮಾಡಿದ ಕೂಟದಿಂದಲೂ ಬಂದಿರುವ ಮಾತು ಅದು: ನಾನು ಗೆಲ್ಲುವಂತಾಗಲಿ, ಗೆಲ್ಲದಿದ್ದರೆ ಧೈರ್ಯದಿಂದ ಪ್ರಯತ್ನಿಸುವಂತಾಗಲಿ. ತಮ್ಮ ಮೊದಲರ್ಧವನ್ನು ಗಟ್ಟಿಯಾಗಿ ಹೇಳಿದ. ಉಳಿದದ್ದಕ್ಕೆ ಬಾಯಿಯೇ ತೆರೆಯಲಿಲ್ಲ.

ಇಲ್ಲಿಯ ಓಟದ ಪದ್ಧತಿ ನನಗೆ ತುಂಬಾ ಹಿಡಿಸಿತು. ಬೆಳಿಗ್ಗೆ ಎಲ್ಲರನ್ನೂ ಒಮ್ಮೆ ಓಡಿಸಿ ಟೈಮ್ ಬರೆದುಕೊಳ್ಳುತ್ತಾರೆ. ಗಂಡು-ಹೆಣ್ಣು, ವಯಸ್ಸು, ಆ ಟೈಮು, ಇಷ್ಟನ್ನೂ ನೋಡಿ ಸರಿಸಮಾನರ ಗುಂಪು ಮಾಡುತ್ತಾರೆ. ಒಂದು ಗುಂಪಿನಲ್ಲಿ ಮೂರರಿಂದ ಎಂಟು ಜನ. ಫೈನಲ್ ಆಮೇಲೆ. ಸುಲಭದ ಗುಂಪು ಸಿಗಲಿ ಅಂತ ಬೆಳಿಗ್ಗೆ ಬೇಕಂತಲೇ ನಿಧಾನ ಓಡಿದರೆ ಫೈನಲ್‌ನಲ್ಲಿ ಸಿಕ್ಕಿಬೀಳುತ್ತಾರೆ. ಟೈಮು ತೀರಾ ಸುಧಾರಿಸಿದ್ದರೆ ಅನರ್ಹ! "ಈಗ್ಲೇ ಜೀವ ಬಿಟ್ಟು ಓಡು" ಅಂತ ಕೋಚ್ ಅದಕ್ಕೇ ಕೂಗುತ್ತಿದ್ದರು.

ಊರಿನ ಆಟೋಟಗಳಲ್ಲಿ ತಮ್ಮ ಓಡಿದ್ದು ಕಮ್ಮಿಯೇನಲ್ಲ. ಎಲ್ಲರೂ ಮುಟ್ಟಿದ ಮೇಲೆ ಇವನೊಬ್ಬ ಬರುತ್ತಿದ್ದ. ಚಪ್ಪಾಳೆಯೋ ಚಪ್ಪಾಳೆ. ಒಂದು ಸಮಾಧಾನಕರ ಬಹುಮಾನ, ಒಂದು ಫೋಟೋ. ಅದರಲ್ಲಿ ಸ್ಪರ್ಧೆ ಅನ್ನೋದು ಎಲ್ಲಿತ್ತು? ಸುಮ್ನೆ ನಮ್ಮ ಸಮಾಧಾನಕ್ಕೆ ಅವನನ್ನು ಓಡಿಸುತ್ತಿದ್ದೆವು ಅಷ್ಟೇ ಅಲ್ವಾ?

ಇಲ್ಲಿ ಫೈನಲ್‌ಗೆ ನಿಂತಾಗ ಅವನ ಮುಖವೇ ಬೇರೆ. ಶೂ ಲೇಸಿನ ತುದಿಯನ್ನು ಒಳಗೆ ತುರುಕಿದ. ಮತ್ತೆ ತೆಗೆದ, ಮತ್ತೆ ತುರುಕಿದ. ಪಕ್ಕದ ಲೇನಿನಲ್ಲಿ ಭಟ್ಕಳದ ಹುಡುಗ, ಇವನಷ್ಟೇ ಎತ್ತರ. ಸೀಟಿ ಊದಿದ ಮೇಲೆ ಇಬ್ಬರೂ ಅರ್ಧ ದಾರಿವರೆಗೆ ಭುಜಕ್ಕೆ ಭುಜ ಕೊಟ್ಟು ಓಡಿದರು. ಗೆರೆ ಹತ್ತಿರ ಬಂದಾಗ ತಮ್ಮ ಒಮ್ಮೆ ಪಕ್ಕಕ್ಕೆ ನೋಡಿದ. ಅಷ್ಟು ಸಾಕಾಯಿತು, ಭಟ್ಕಳದವನು ಎದೆ ಮುಂದೆ ಮಾಡಿ ಮುಟ್ಟಿಬಿಟ್ಟ.

ಬೆಳ್ಳಿ ಪದಕವನ್ನು ಕೊರಳಿಗೆ ಹಾಕಿಸಿಕೊಂಡ, ನಗಲಿಲ್ಲ. ನನಗೆ ಒಳಗೊಳಗೇ ಖುಷಿ. ಸೋತೆ ಅಂತ ಅವನು ಸಿಟ್ಟಾಗಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಸಂಜೆ ಟಾಗೋರ್ ಕಡಲತೀರಕ್ಕೆ ಕರೆದುಕೊಂಡು ಹೋದೆ. ದಂಡೆಯ ಮೇಲೆ ನಿಲ್ಲಿಸಿರುವ ಚಾಪಲ್ ಯುದ್ಧನೌಕೆ ತೋರಿಸಿದೆ. ಬರುವಾಗ ಬಸ್ಸಿನಲ್ಲಿ ಸಮುದ್ರ ಬಂತಾ ಅಂತ ಕೇಳಿದವನು ಈಗ ತಿರುಗಿಯೂ ನೋಡಲಿಲ್ಲ. ಮರಳಿನ ಮೇಲೆ ಗೆರೆ ಎಳೆದು, ಅತ್ತಿತ್ತ ನೋಡದೆ ಅದನ್ನು ದಾಟುವುದನ್ನೇ ಮಾಡುತ್ತಿದ್ದ. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು.

ಎದುರಿನ ಸೀಟಿನ ಹೆಂಗಸೊಬ್ಬರು ಪದಕ ನೋಡಿ, "ಎಷ್ಟನೇದು ಬಂತು ತಮಾ?" ಅಂದರು.

"ಎರಡು."

"ಇರ್ಲಿ ಬಿಡು, ಓಡಿದ್ದೇ ದೊಡ್ಡದು."

"ಅಲ್ಲ," ಅಂದ ತಮ್ಮ, "ಅವ ಮುಂದೆ ಹೋದ."