ಏಳು ಸಾಲಿನ ಕಲ್ಲು: ಎಂಟು ತಿಂಗಳ ಲೆಕ್ಕ

ನಮ್ಮನೆಯವರ ಊರಲ್ಲಿ ಬಸವಣ್ಣನ ಗುಡಿ ಹಿಂದೆ ಒಂದು ವೀರಗಲ್ಲು ಇದೆ. ನನ್ನ ಎದೆಮಟ್ಟ ಎತ್ತರ. ಕೆಳಗೆ ಬಿಲ್ಲು ಹಿಡಿದವನು, ಅವನ ಪಕ್ಕ ದನಗಳು. ನಡುವೆ ಅವನನ್ನು ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುವ ಅಪ್ಸರೆಯರು. ಮೇಲೆ ಲಿಂಗ, ಪೂಜೆ. ಈ ಚಿತ್ರಗಳ ನಡುವಿನ ಪಟ್ಟಿಗಳಲ್ಲಿ ಏಳು ಸಾಲು ಬರಹ. ಇದನ್ನು ನಾನೇ ಓದಬೇಕು ಅಂತ ಹೊರಟು ಎಂಟು ತಿಂಗಳಾಯಿತು. ಇವತ್ತಿಗೆ ಆಗಿರುವುದು ಮೂರೂವರೆ ಸಾಲು.

ಜೂನ್

ಮೊದಲು ನನ್ನ ದಿನಚರಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇಷ್ಟು ನಿಧಾನ ಯಾಕೆ ಅಂತ ಗೊತ್ತಾಗುವುದಿಲ್ಲ. ಮದುವೆಗೆ ಮುಂಚೆ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಚೆಕ್‌ಇನ್ ಕೌಂಟರಿನಲ್ಲಿದ್ದೆ. ಮದುವೆಯಾಗಿ ಹಾಸನಕ್ಕೆ ಬಂದ ಮೇಲೆ ಅದೇ ಏರ್‌ಲೈನ್‌ನಲ್ಲಿ ಮನೆಯಿಂದ ಫೋನ್ ತೆಗೆದುಕೊಳ್ಳುವ ಕೆಲಸಕ್ಕೆ ಬದಲಾಯಿಸಿಕೊಂಡೆ. ಟಿಕೆಟ್ ದಿನಾಂಕ ಬದಲಾವಣೆ, ರೀಫಂಡ್, ಹೆಸರು ತಿದ್ದುವುದು. ಬೆಳಗ್ಗೆ 5ರಿಂದ ಮಧ್ಯಾಹ್ನ 2. ರೂಮಿನ ಬಾಗಿಲು ಹಾಕಿರಬೇಕು, ಹಿಂದೆ ಕುಕ್ಕರ್ ಕೂಗಬಾರದು. ಅತ್ತೆ ಕುಕ್ಕರ್ ಇಡುವ ಮೊದಲು ಬಾಗಿಲ ಸಂದಿಯಲ್ಲಿ ಇಣುಕಿ ಕೈಸನ್ನೆ ಮಾಡುತ್ತಾರೆ.

ಎರಡು ಗಂಟೆಯ ಮೇಲೆ ಊಟ, ಒಂದು ನಿದ್ದೆ. ಆಮೇಲೆ ಸಂಜೆ ಖಾಲಿ. ನಮ್ಮನೆಯವರದು ಬೀಜ ಗೊಬ್ಬರದ ಅಂಗಡಿ, ಬರುವುದು ಎಂಟೂವರೆಗೆ. ಸಾಲಗಾಮೆ ರಸ್ತೆ ಕಡೆ ಒಂದು ಹಳೇ ಕೊಠಡಿಯಲ್ಲಿ ಶಾಸನ ಓದುವ ತರಗತಿ ಶುರುವಾಗುತ್ತಿದೆ ಅಂತ ಅವರೇ ಹೇಳಿದ್ದು. ಮಂಗಳವಾರ, ಗುರುವಾರ, ಆರೂವರೆಯಿಂದ ಎಂಟು. ಸೇರಿದವರು ಒಂಬತ್ತು ಜನ. ಮೇಷ್ಟ್ರು ರಿಟೈರ್ ಆದವರು. ನಾನು ಏರ್‌ಲೈನ್‌ನವಳು ಅಂದ ತಕ್ಷಣ ಹಾಸನದ ವಿಮಾನ ನಿಲ್ದಾಣದ ಬಗ್ಗೆ ಎಲ್ಲರದೂ ಒಂದೇ ಪ್ರಶ್ನೆ: ಭುವನಹಳ್ಳಿಯಿಂದ ವಿಮಾನ ಯಾವಾಗ ಹಾರುತ್ತೆ ಮೇಡಂ? ನನಗೆ ಗೊತ್ತಿರುವುದು ರೀಫಂಡ್ ವಿಷಯ ಮಾತ್ರ ಅಂದೆ.

ಜುಲೈ

ಹಲ್ಮಿಡಿಯಿಂದ ಶುರು. ಬೇಲೂರು ತಾಲ್ಲೂಕು, ಸುಮಾರು ಕ್ರಿ.ಶ. 450, 16 ಸಾಲು. ಮೂಲ ಕಲ್ಲು ಈಗ ಮೈಸೂರಿನಲ್ಲಿದೆ, ಊರಲ್ಲಿರುವುದು ಅದರ ಪ್ರತಿ. ಅದರಲ್ಲಿ ಬರುವ ‘ಬಾಳ್ಗೞ್ಚು’ ಅನ್ನುವ ಮಾತು ನನಗೆ ತುಂಬಾ ಹಿಡಿಸಿತು. ಬಾಳು ಅಂದರೆ ಕತ್ತಿ. ಯುದ್ಧದಲ್ಲಿ ಹೋರಾಡಿದವನ ಕತ್ತಿ ತೊಳೆದು ಕೊಡುವ ಕೊಡುಗೆ. ಶಾಲೆಯಲ್ಲಿ ಹಲ್ಮಿಡಿ ಅಂದರೆ ಒಂದು ಮಾರ್ಕಿನ ಉತ್ತರ, ಅಷ್ಟೇ. ಒಳಗೆ ಏನಿದೆ ಅಂತ ಯಾರೂ ಹೇಳಿರಲಿಲ್ಲ ಅಲ್ವಾ.

ಓದಲು ಕೂತರೆ ತೊಂದರೆ ಒಂದೆರಡಲ್ಲ. ಪದಗಳ ನಡುವೆ ಜಾಗ ಬಿಡುವುದಿಲ್ಲ. ಎ ಮತ್ತು ಏ ಎರಡಕ್ಕೂ ಒಂದೇ ರೂಪ. ಈಗ ಬಳಕೆಯಲ್ಲಿಲ್ಲದ ಱ, ೞ ಬೇರೆ. ಹೊಯ್ಸಳರ ಕಾಲಕ್ಕೆ ಬಂದರೆ ಅಕ್ಷರ ಗುಂಡಗಾಗಿ ಚಂದ ಕಾಣುತ್ತವೆ, ಆದರೆ ಮ ಮತ್ತು ವ ಅಣ್ಣತಮ್ಮಂದಿರ ಹಾಗೆ. ಫೋನಿನಲ್ಲಿ ನಾವು ದಿನವಿಡೀ ಇದೇ ಕಷ್ಟಕ್ಕೆ ‘ಎಂ ಫಾರ್ ಮೈಕ್, ವಿ ಫಾರ್ ವಿಕ್ಟರ್’ ಅನ್ನುತ್ತೇವೆ. ತರಗತಿಯಲ್ಲಿ ಒಮ್ಮೆ ಬಾಯಿತಪ್ಪಿ ‘ಸರ್, ಇದು ಮೈಕಾ ವಿಕ್ಟರಾ?’ ಅಂದುಬಿಟ್ಟೆ. ಈಗ ಮೇಷ್ಟ್ರೂ ಹಾಗೇ ಕೇಳುತ್ತಾರೆ.

ಆಗಸ್ಟ್

ಭಾನುವಾರ ರಜೆ ಸಿಕ್ಕಿತು, ಎಲ್ಲರೂ ಶ್ರವಣಬೆಳಗೊಳಕ್ಕೆ ಹೋದೆವು. ಅಲ್ಲಿ ಮತ್ತು ಸುತ್ತಮುತ್ತ ಸೇರಿ 573 ಶಾಸನಗಳ ಪಠ್ಯ ಪ್ರಕಟವಾಗಿದೆ. ಚಿಕ್ಕಬೆಟ್ಟದ ಮೇಲೆ ಬಂಡೆಯಲ್ಲೇ, ಕಾಲ ಹತ್ತಿರವೇ ಅಕ್ಷರ. ಗೊಮ್ಮಟನ ಪಾದದ ಬಳಿ ‘ಶ್ರೀ ಚಾವುಣ್ಡರಾಜಂ ಮಾಡಿಸಿದಂ’ ಅಂತಿರುವುದನ್ನು ಯಾರ ಸಹಾಯವೂ ಇಲ್ಲದೆ ಓದಿದೆ. ದೊಡ್ಡ ಅಕ್ಷರ, ಏನು ಬರೆದಿದೆ ಅಂತ ಮೊದಲೇ ಗೊತ್ತಿತ್ತು, ನಿಜ. ಆದರೂ ಓದಿದೆ.

ಸೆಪ್ಟೆಂಬರ್

ಊರಿನ ಕಲ್ಲಿಗೆ ಮೊದಲ ಭೇಟಿ. ಅದಕ್ಕೂ ಮೊದಲು, ಯಾರಾದರೂ ಓದಿದ್ದಾರಾ ಅಂತ ಹುಡುಕಿದೆ. ಬಿ.ಎಲ್. ರೈಸ್ ಅವರ ಶಾಸನ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಹಾಸನ ಜಿಲ್ಲೆಗೆ ಐದನೇ ಸಂಪುಟ, 1902ರದು. ತಾಲ್ಲೂಕುವಾರು ನಂಬರ್ ಹಾಕಿದ್ದಾರೆ. ನಮ್ಮೂರಿನ ಹೆಸರು ಅದರಲ್ಲಿ ಕಾಣಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟವನ್ನು ಮೇಷ್ಟ್ರು ತಿರುವಿ ನೋಡಿದರು. ಅಲ್ಲೂ ಸಿಗಲಿಲ್ಲ. ಒಳಗೊಳಗೇ ಖುಷಿಯಾಯಿತು.

ಆ ಖುಷಿಯಲ್ಲೇ ಎಡವಿದೆ. ಕಲ್ಲನ್ನು ನೀರಲ್ಲಿ ತೊಳೆದು, ಸೀಮೆಸುಣ್ಣ ಉಜ್ಜಿ, ಮಧ್ಯಾಹ್ನದ ಬಿಸಿಲಲ್ಲಿ ಫೋಟೋ ತೆಗೆದು ಕೂತೆ. ಎರಡನೇ ಸಾಲಿನಲ್ಲಿ ‘ಬಲ್ಲಾಳ’ ಅಂತ, ಹೊಯ್ಸಳ ರಾಜನ ಹೆಸರನ್ನೇ ಓದಿಯೂಬಿಟ್ಟೆ! ಎರಡು ವಾರ ಮನೆಯಲ್ಲಿ, ಅಂಗಡಿಯಲ್ಲಿ, ತವರಿಗೆ ಫೋನ್ ಮಾಡಿ ಎಲ್ಲ ಕಡೆ ಬಲ್ಲಾಳನ ಕಥೆ. ಮೇಷ್ಟ್ರು ಫೋಟೋ ಹಿಗ್ಗಿಸಿ ನೋಡಿದರು. ಬ ಅನ್ನುವುದು ಬರೀ ಗೀರು. ಲ್ಲಾ ಅನ್ನುವುದು ನನ್ನ ಸೀಮೆಸುಣ್ಣ ಗುಂಡಿಯಲ್ಲಿ ಕೂತಿದ್ದು. ‘ಬಿಡಮ್ಮಾ, ಹಾಸನದಲ್ಲಿ ಎಲ್ಲರೂ ಮೊದಲು ಬಲ್ಲಾಳನನ್ನೇ ಓದೋದು’ ಅಂದರು. ಸೀಮೆಸುಣ್ಣ ಹಚ್ಚುವವರು ಅಕ್ಷರ ಓದುವುದಿಲ್ಲ, ಬರೆಯುತ್ತಾರೆ ಅಂತಲೂ ಸೇರಿಸಿದರು. ನನಗೆ ನಾಚಿಕೆಯಾಗಿದ್ದು ಬೇರೆ ಕಾರಣಕ್ಕೆ. ಹೆಸರಿನ ಒಂದು ಅಕ್ಷರ ತಪ್ಪಿದ್ದರೆ ಗಿರಾಕಿಗೆ ಮೂರು ಸಲ ಓದಿ ಹೇಳುವವಳು ನಾನು. ಇಲ್ಲಿ ಒಂದು ಸಲವೂ ಮತ್ತೆ ನೋಡಿರಲಿಲ್ಲ.

ಅಕ್ಟೋಬರ್

ಹಾಸನಾಂಬೆಯ ಬಾಗಿಲು ತೆಗೆದರೆ ಊರು ನಮ್ಮದಲ್ಲ. ಬಸ್ಸು, ಕಾರು, ಸಾಲು. ತರಗತಿಗೆ ರಜೆ. ಮನೆಗೆ ನೆಂಟರು ಬೇರೆ. ಕೆಲಸ ಏನೂ ಆಗಲಿಲ್ಲ.

ನವೆಂಬರ್

ಸರಿಯಾದ ವಿಧಾನ ಕಲಿತೆ. ಹೊತ್ತು ಮುಳುಗಿದ ಮೇಲೆ ಹೋಗಬೇಕು. ಟಾರ್ಚನ್ನು ಎದುರಿಗೆ ಹಿಡಿಯಬಾರದು, ಕಲ್ಲಿಗೆ ಒರಗಿಸಿದ ಹಾಗೆ ಪಕ್ಕದಿಂದ ಬಿಡಬೇಕು. ಆಗ ಕೊರೆದ ಜಾಗದಲ್ಲಿ ನೆರಳು ಕೂರುತ್ತದೆ. ಎಡದಿಂದ ಒಂದು ಫೋಟೋ, ಬಲದಿಂದ, ಮೇಲಿನಿಂದ, ಕೆಳಗಿನಿಂದ. ಒಂದು ಬೆಳಕಲ್ಲಿ ಕಂಡು ಇನ್ನೊಂದರಲ್ಲಿ ಮಾಯವಾಗುವ ಗೆರೆ ಹೆಚ್ಚಾಗಿ ಗೀರು. ನಾಲ್ಕರಲ್ಲೂ ನಿಂತಿದ್ದು ಅಕ್ಷರ.

ಟಾರ್ಚ್ ಹಿಡಿಯುವ ಕೆಲಸ ನಮ್ಮನೆಯವರದು. ‘ಸ್ವಲ್ಪ ಕೆಳಗೆ ರೀ’, ‘ಅಲ್ಲಾಡಿಸಬೇಡಿ’ ಅಂತ ನಾನು. ಸೊಳ್ಳೆ ಹೊಡೆಯುತ್ತಾ ಅವರು. ಗುಡಿಯ ಹಿಂದೆ ಕತ್ತಲಲ್ಲಿ ಬೆಳಕು ಆಡುವುದು ನೋಡಿ ಯಾರೋ ನಿಧಿ ತೆಗೆಯುತ್ತಿದ್ದಾರೆ ಅಂತ ಸುದ್ದಿ ಹಬ್ಬಿಸಿದರು. ಮಾರನೇ ಸಂಜೆ ಹತ್ತು ಜನ ನೋಡಲು ಬಂದರು. ಸುಮ್ನೆ ಬರಲಿಲ್ಲ, ಇಬ್ಬರು ಟಾರ್ಚ್ ತಂದಿದ್ದರು, ಅದರಿಂದ ಅನುಕೂಲವೇ ಆಯಿತು.

ಮೊದಲ ಸಾಲು ಬಂತು: ಸ್ವಸ್ತಿ ಶ್ರೀ ಸಕ ವರುಷ. ಸಕ ಅಂದರೆ ಶಕ. ಆಮೇಲೆ ಅಂಕಿ. ೧, ೧, ಚಕ್ಕೆ ಎದ್ದುಹೋದ ಜಾಗ, ಮತ್ತೆ ೧.

ಡಿಸೆಂಬರ್

ಬೆಂಗಳೂರಿನಲ್ಲಿ ಮಂಜು ಬಿದ್ದರೆ ಹಾಸನದಲ್ಲಿ ನನ್ನ ಗಂಟಲು ಕಟ್ಟುತ್ತದೆ. ಬೆಳಗಿನ ವಿಮಾನಗಳೆಲ್ಲ ತಡ, ಎಲ್ಲರ ಫೋನೂ ಒಟ್ಟಿಗೆ. ಶಿಫ್ಟ್ ಮುಗಿದರೂ ಎಳೆದು ಎಳೆದು ನಾಲ್ಕು ಗಂಟೆ. ಮೂರು ತರಗತಿ ತಪ್ಪಿಸಿದೆ. ಒಂದಕ್ಕೆ ಹೋಗಿ ಬೆಂಚಿನಲ್ಲೇ ನಿದ್ದೆ ಮಾಡಿದೆ.

ಆದರೆ ಆ ಕಾಣದ ಅಂಕಿ ಬಿಡಿಸಿದ್ದು ಇದೇ ತಿಂಗಳು. ಸಾಲಿನ ಮುಂದೆ ‘ಪ್ರಮಾ’ ಅಂತಿದೆ, ನಂತರದ ಅಕ್ಷರ ಅರ್ಧ ಮಾತ್ರ, ಆಮೇಲೆ ಸಂವತ್ಸರ. ಅರವತ್ತು ಸಂವತ್ಸರದಲ್ಲಿ ‘ಪ್ರಮಾ’ದಿಂದ ಶುರುವಾಗುವುದು ಎರಡು: 13ನೆಯ ಪ್ರಮಾಥಿ, 47ನೆಯ ಪ್ರಮಾದಿ. ಯಾವುದು?

ಫೋನಿನಲ್ಲಿ ಯಾರದೋ ಪಿಎನ್‌ಆರ್ ತೆಗೆದುಕೊಳ್ಳುತ್ತಿದ್ದೆ. ಆರು ಅಕ್ಷರದಲ್ಲಿ ಒಂದು ಕೇಳಿಸಲಿಲ್ಲ. ಕೊನೇ ಹೆಸರು ಹೇಳಿ ಅಂದೆ. ಎರಡೂ ತಾಳೆಯಾದರೆ ತಾನೇ ಟಿಕೆಟ್ ತೆರೆಯುವುದು? ಅಲ್ಲಿಗೆ ಹೊಳೆಯಿತು. ಶಿಫ್ಟ್ ಮುಗಿದ ಮೇಲೆ ಊಟಕ್ಕೂ ಏಳದೆ ಲೆಕ್ಕ ಹಾಕಿದೆ. ಸಕ ವರ್ಷಕ್ಕೆ 78 ಕೂಡಿಸಿದರೆ ಕ್ರಿ.ಶ. ಸಿಗುತ್ತದೆ. ಅರವತ್ತರಲ್ಲಿ ಮೊದಲನೆಯದಾದ ಪ್ರಭವ ಬಂದಿದ್ದು 1987ರಲ್ಲಿ. ಅರವತ್ತರಂತೆ ಹಿಂದಕ್ಕೆ ಹೋದರೆ 1147, 1207, 1267. ಈಗ ಖಾಲಿ ಜಾಗದಲ್ಲಿ 0ಯಿಂದ 9ರವರೆಗೆ ಒಂದೊಂದೇ ಅಂಕಿ ಇಟ್ಟು ನೋಡಿದೆ. ಸಕ 1101 ಅಂದರೆ ವಿಕಾರಿ. 1111 ಸೌಮ್ಯ. 1121 ಸಿದ್ಧಾರ್ಥಿ. 1131 ಶುಕ್ಲ. 1141 ಪ್ರಮಾಥಿ! ಮುಂದೆ 1191ರವರೆಗೂ ಹೋದೆ, ಇನ್ನೊಂದು ‘ಪ್ರಮಾ’ ಬರಲೇ ಇಲ್ಲ. ಸಕ 1141, ಅಂದರೆ ಕ್ರಿ.ಶ. 1219.

ಮೇಷ್ಟ್ರು ಲೆಕ್ಕ ನೋಡಿ ತಲೆ ಆಡಿಸಿದರು. ಶಾಸನಗಳಲ್ಲಿ ಸಕ ವರ್ಷಕ್ಕೂ ಸಂವತ್ಸರಕ್ಕೂ ಒಂದು ವರ್ಷ ಹೆಚ್ಚುಕಡಿಮೆ ಬರುವುದುಂಟು, ಪೆನ್ಸಿಲಲ್ಲಿ ಬರೆದಿಡು ಅಂದರು. ಆಮೇಲೆ ನಗುತ್ತಾ, ‘1219 ಅಂದರೆ ಎರಡನೇ ವೀರ ಬಲ್ಲಾಳ ಇನ್ನೂ ಆಳ್ತಿದ್ದ. ನಿನ್ನ ಬಲ್ಲಾಳ ಕಲ್ಲಲ್ಲಿಲ್ಲ, ಕಾಲದಲ್ಲಿದ್ದಾನೆ’ ಅಂದರು.

ಜನವರಿ

ಪಡಿಯಚ್ಚು ತೆಗೆಯುವ ಪ್ರಯತ್ನ. ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಇದನ್ನು ಮಾಡುವ ಹಾಗಿಲ್ಲ. ನಮ್ಮದು ಬಯಲಲ್ಲಿ ನಿಂತ ಕಲ್ಲು, ಆದರೂ ಊರ ಹಿರಿಯರನ್ನು ಕೇಳಿಕೊಂಡೆವು. ಮೇಷ್ಟ್ರೇ ಬಂದರು. ತೆಳು ಕಾಗದವನ್ನು ನೆನೆಸಿ ಕಲ್ಲಿಗೆ ಅಂಟಿಸಿ, ಗಟ್ಟಿ ಕೂದಲಿನ ಬ್ರಷ್‌ನಲ್ಲಿ ಮೆಲ್ಲಗೆ ಬಡಿದು ಬಡಿದು ಅಕ್ಷರದ ಗುಂಡಿಯೊಳಗೆ ಇಳಿಸಬೇಕು. ಅರ್ಧ ಒಣಗಿದಾಗ ಬಟ್ಟೆ ಸುತ್ತಿದ ಉಂಡೆಯಲ್ಲಿ ಮಸಿ ಒತ್ತಬೇಕು. ಉಬ್ಬಿದ ಜಾಗ ಕಪ್ಪು, ಅಕ್ಷರ ಬಿಳಿ. ಮೊದಲನೆಯದು ನಾನು ಜೋರಾಗಿ ಬಡಿದು ಹರಿಯಿತು. ಎರಡನೆಯದನ್ನು ಗಾಳಿ ಎತ್ತಿಕೊಂಡು ಹೋಯಿತು, ಹಿಡಿಯಲು ಹೋಗಿ ನನ್ನ ಚೂಡಿದಾರ್ ತುಂಬಾ ಮಸಿ. ಮೂರನೆಯದನ್ನು ಮೇಷ್ಟ್ರು ತೆಗೆದರು. ಅದು ಈಗ ನಮ್ಮನೆ ಗೋದ್ರೇಜ್ ಬೀರುವಿನ ಬಾಗಿಲಿಗೆ ಅಂಟಿಕೊಂಡಿದೆ.

ಮೂರನೇ ಸಾಲಿನಲ್ಲಿ ‘ತುಱುವ’ ಸಿಕ್ಕಿತು. ತುರು, ಅಂದರೆ ದನ. ಪಕ್ಕದಲ್ಲಿ ‘ಮಗು’ ಅಂತ ಸ್ಪಷ್ಟವಾಗಿದೆ, ಆಮೇಲೆ ಒಂದು ಒತ್ತಕ್ಷರ. ದನದ ಮಗು ಅಂದರೆ ಕರುವಾ? ಒಂದು ವಾರ ಅಲ್ಲೇ ನಿಂತೆ. ಭಾನುವಾರ ಅಕ್ಕಿರೊಟ್ಟಿ ಬೇಯಿಸುತ್ತಾ ಬೀರುವಿನ ಕಡೆ ನೋಡುತ್ತಿದ್ದೆ. ಹೆಂಚಿಂದ ಹೊಗೆ. ಅತ್ತೆ ಕೂಗಿದರು, ‘ರೊಟ್ಟಿ ಮಗುಚಮ್ಮಾ, ಸೀದುಹೋಗ್ತಿದೆ!’

ಮಗುಚು. ಮಗುಳ್ಚು! ತಿರುಗಿಸು, ಹಿಂದಕ್ಕೆ ತರು. ‘ತುಱುವ ಮಗುಳ್ಚಿ’, ದನಗಳನ್ನು ಹಿಂದಕ್ಕೆ ತಂದು. ಕಳ್ಳರು ಹೊಡೆದುಕೊಂಡು ಹೋದ ಊರ ದನಗಳನ್ನು ಬಿಡಿಸಿ ತಂದವನು. ತುರುಗೋಳ್ ಅನ್ನುತ್ತಾರೆ ಇಂಥ ದನಗಳ್ಳರ ಕಾಳಗಕ್ಕೆ. ಮಗುಚೋ ಕೈ ಹಿಡಿದುಕೊಂಡೇ ಬೀರುವಿನ ಹತ್ತಿರ ಓಡಿದೆ. ರೊಟ್ಟಿ ಸೀದೇ ಹೋಯಿತು. ಅತ್ತೆ ಬಂದು ನೋಡಿ, ‘ಇಷ್ಟು ದಿನ ನನ್ನ ಕೇಳಬಾರದಿತ್ತಾ?’ ಅಂದರು. ಕೇಳಬೇಕಿತ್ತು. ಅವರೀಗ ರೊಟ್ಟಿ ಮಗುಚುವಾಗೆಲ್ಲ ನನ್ನ ಕಡೆ ನೋಡುತ್ತಾರೆ.

ಫೆಬ್ರುವರಿ

ನಾಲ್ಕನೇ ಸಾಲಿನ ಅರ್ಧ: ‘ಕಾದಿ ಸತ್ತ’, ಅಂದರೆ ಹೋರಾಡಿ ಸತ್ತ. ಅಲ್ಲಿಂದ ಮುಂದೆ ಅವನ ಹೆಸರು ಬರಬೇಕು ಅಂತ ಮೇಷ್ಟ್ರ ಅಂದಾಜು. ‘ಮಾ’ ಅನ್ನುವ ಹಾಗೊಂದು ಅಕ್ಷರ ಇದೆ. ಮಾರನೋ, ಮಾಚನೋ. ‘ವಾ’ ಕೂಡ ಆಗಬಹುದು, ಮೈಕೋ ವಿಕ್ಟರೋ ಇನ್ನೂ ತೀರ್ಮಾನವಾಗಿಲ್ಲ. ಅಲ್ಲಿಂದ ಆಚೆ ಐದನೇ ಸಾಲಿನ ಕೊನೆಯವರೆಗೆ ಕಲ್ಲು ನುಣ್ಣಗೆ. ಪಡಿಯಚ್ಚಿನಲ್ಲಿ ಆ ಜಾಗ ಒಂದು ಅಡ್ಡಪಟ್ಟಿಯ ಹಾಗೆ ಪೂರ್ತಿ ಕಪ್ಪು. ಮಳೆಗೆ ಸವೆದರೆ ಹೀಗೆ ಪಟ್ಟಿಯಾಗಿ ಸವೆಯುವುದಿಲ್ಲ ಅಂದರು ಮೇಷ್ಟ್ರು.

ಕಾರಣ ಕಳೆದ ಶನಿವಾರ ಗೊತ್ತಾಯಿತು. ಶಿಫ್ಟ್ ಬದಲಾಯಿಸಿಕೊಂಡು ಬೆಳಗ್ಗೆಯೇ ಹೋಗಿದ್ದೆ. ಗುಡಿ ಪಕ್ಕದ ಮನೆಯ ಅಜ್ಜ ಹಸುವನ್ನು ತಂದು, ಹಗ್ಗವನ್ನು ವೀರಗಲ್ಲಿನ ನಡುವಿಗೆ ಸುತ್ತಿ ಕಟ್ಟಿದರು. ಸರಿಯಾಗಿ ಅದೇ ಪಟ್ಟಿಯ ಮೇಲೆ. ‘ಎಷ್ಟು ವರ್ಷದಿಂದ ಕಟ್ಟುತ್ತಿದ್ದೀರಿ ಅಜ್ಜ?’ ಅಂದೆ. ‘ನಮ್ಮಪ್ಪನೂ ಇಲ್ಲೇ ಕಟ್ತಿದ್ದ ಕಣವ್ವ’ ಅಂದರು.

ವಿಷಯ ಹೇಳಿದೆ. ಅಜ್ಜ ಪೂರ್ತಿ ಕೇಳಿಸಿಕೊಂಡರು. ದನ ಬಿಡಿಸಿದವನಾ ಅಂತ ಎರಡು ಸಲ ಕೇಳಿದರು. ಹತ್ತು ಮಾರು ಆಚೆ ಹೊಸ ಗೂಟ ಹೊಡೆದು ಹಸುವನ್ನು ಅಲ್ಲಿಗೆ ಕಟ್ಟಿದರು. ನಾನು ಟಾರ್ಚು, ಪುಸ್ತಕ ಚೀಲಕ್ಕೆ ಹಾಕಿ ತಿರುಗಿ ನೋಡುವಷ್ಟರಲ್ಲಿ ಹಸು ಗೂಟ ಕಿತ್ತುಕೊಂಡು ಬಂದು ಕಲ್ಲಿಗೆ ಕುತ್ತಿಗೆ ಉಜ್ಜುತ್ತಿತ್ತು.