ಶಟರ್ ಕಿತ್ತು ಕಟ್ಟಿದ ಕೋಣೆಗೆ ನಾನು ಹಾಕಿದ ಬೆಲೆ

ಗೃಹಸಾಲಕ್ಕೆ ಬರುವ ಮನೆಗಳನ್ನು ಅಳೆದು ಬ್ಯಾಂಕುಗಳಿಗೆ ಮೌಲ್ಯಮಾಪನ ವರದಿ ಬರೆದುಕೊಡುವುದು ನನ್ನ ಕೆಲಸ. 2018ರಲ್ಲಿ, ಈ ಕೆಲಸಕ್ಕೆ ಇನ್ನೂ ಹೊಸಬನಾಗಿದ್ದಾಗ, ಬೆಂಗಳೂರಿನ ವಿಜಯನಗರದಲ್ಲಿ ಮೂವತ್ತು-ನಲವತ್ತರ ಸೈಟಿನ ಮನೆಯೊಂದಕ್ಕೆ ಹೋಗಿದ್ದೆ. ಮಾಲೀಕರು ಕಾರು ನಿಲ್ಲಿಸುವ ಜಾಗದ ಶಟರ್ ಕಿತ್ತು, ಗೋಡೆ ಎಬ್ಬಿಸಿ, ಮೂಲೆಯಲ್ಲೊಂದು ಬಚ್ಚಲು ಮಾಡಿಸಿ, ತಿಂಗಳಿಗೆ ಎಂಟು ಸಾವಿರಕ್ಕೆ ಬಾಡಿಗೆಗೆ ಕೊಟ್ಟಿದ್ದರು. ಹತ್ತು ಅಡಿಗೆ ಹದಿನೆಂಟು ಅಡಿಯ ಆ ಕೋಣೆಗೆ ಚದರಡಿಗೆ 2,000 ರೂಪಾಯಿಯಂತೆ 3.6 ಲಕ್ಷ ಹಿಡಿದು ವರದಿ ಕೊಟ್ಟೆ. ವಾರದೊಳಗೆ ಅದು ವಾಪಸು ಬಂತು. ಮಂಜೂರಾದ ನಕ್ಷೆಯಲ್ಲಿ ಆ ಜಾಗ ಪಾರ್ಕಿಂಗ್ ಎಂದೇ ಇತ್ತು. ನಕ್ಷೆಯ ಪ್ರತಿ ನನ್ನ ಚೀಲದಲ್ಲಿದ್ದರೂ ಸ್ಥಳದಲ್ಲಿ ಬಿಡಿಸಿ ನೋಡಿರಲಿಲ್ಲ.

ಪಾರ್ಕಿಂಗ್ ಜಾಗವನ್ನು ಎಫ್‌ಎಆರ್ (ಸೈಟಿನ ಅಳತೆಗೆ ತಕ್ಕಂತೆ ಒಟ್ಟು ಎಷ್ಟು ಕಟ್ಟಬಹುದೆಂಬ ಮಿತಿ) ಲೆಕ್ಕದಿಂದ ಹೊರಗಿಟ್ಟಿರುವುದೇ ಅಲ್ಲಿ ಯಾರೂ ವಾಸಿಸುವುದಿಲ್ಲ ಎಂಬ ಕಾರಣಕ್ಕೆ. ಅದು ಕೋಣೆಯಾದ ಕ್ಷಣ ನಕ್ಷೆಯ ಉಲ್ಲಂಘನೆಯಾಗುತ್ತದೆ. ದಂಡ ಕಟ್ಟಿಸಿಕೊಂಡು ಇಂಥ ಉಲ್ಲಂಘನೆಗಳನ್ನು ಸಕ್ರಮಗೊಳಿಸುವ ಸರ್ಕಾರದ ಅಕ್ರಮ-ಸಕ್ರಮದಲ್ಲಿ ಸರಿಯಾದೀತು ಎಂದು ಮಾಲೀಕರು ನಂಬಿದ್ದರು, ಆದರೆ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ನೀಡಿತ್ತು.

ಮತ್ತೆ ಹೋದಾಗ ಕಣ್ಣು ತೆರೆದು ನೋಡಿದೆ. ಕಾರು ತೊಳೆದ ನೀರು ಹರಿದುಹೋಗಲೆಂದು ಕೊಟ್ಟಿದ್ದ ಇಳಿಜಾರು ಟೈಲ್ಸ್ ಹಾಕಿದ ಮೇಲೂ ಹಾಗೆಯೇ ಇದ್ದು, ಮಂಚದ ಎರಡು ಕಾಲಿಗೆ ಮರದ ಚೂರು ಕೊಟ್ಟಿದ್ದರು. ನೆಲ ರಸ್ತೆಯ ಮಟ್ಟಕ್ಕೇ ಇದ್ದುದರಿಂದ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ತೇವ ಏರಿತ್ತು. ತೊಲೆಯ ಕೆಳಗೆ ಟೇಪು ಹಿಡಿದರೆ ಎಂಟಡಿಯೂ ಇಲ್ಲ.

“ಬಾಡಿಗೆ ಬರ್ತಿದೆಯಲ್ಲ ಸಾರ್, ಅದಕ್ಕೆ ಬೆಲೆ ಇಲ್ವಾ?” ಎಂದು ಮಾಲೀಕರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಕೋಣೆ ಕಟ್ಟಲು ಅವರು ಹಾಕಿದ ಮೂರೂವರೆ ಲಕ್ಷ ನಾಲ್ಕು ವರ್ಷದೊಳಗೆ ಬಾಡಿಗೆಯಲ್ಲಿ ಹಿಂದಿರುಗುತ್ತದೆ, ಮನೆ ಮಾರುವ ಯೋಚನೆಯಿಲ್ಲದವರಿಗೆ ಅಷ್ಟು ಸಾಕಾಗಬಹುದು. ಆದರೆ ಅಂಥ ಬಡಾವಣೆಯಲ್ಲಿ ಮನೆಯ ಬೆಲೆಯ ದೊಡ್ಡ ಪಾಲು ನೆಲದ್ದು; 180 ಚದರಡಿ ಕಟ್ಟಡ ಅದನ್ನು ಅಲುಗಾಡಿಸುವುದಿಲ್ಲ. ಕೊಳ್ಳಲು ಬಂದವರಾದರೋ ಮೊದಲು ಕೇಳುವುದೇ ಕಾರು ಎಲ್ಲಿ ನಿಲ್ಲಿಸುವುದೆಂದು, ಆಮೇಲೆ ಚೌಕಾಸಿ ಇಡೀ ಮನೆಯ ಮೇಲೆ ನಡೆಯುತ್ತದೆ. ಸ್ವಾಧೀನಾನುಭವ ಪತ್ರ (ಕಟ್ಟಡ ನಕ್ಷೆಯಂತೆಯೇ ಇದೆ, ವಾಸಿಸಬಹುದು ಎಂಬ ಪ್ರಮಾಣಪತ್ರ, ಓಸಿ) ಪರಿಶೀಲಿಸಿದ ಮೇಲೆಯೇ ಕಟ್ಟಡದ ಮೇಲೆ ಸಾಲ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲಂತೂ ಬ್ಯಾಂಕಿನವರು ನಕ್ಷೆಗೂ ಕಟ್ಟಡಕ್ಕೂ ಇರುವ ವ್ಯತ್ಯಾಸವನ್ನು ಇನ್ನಷ್ಟು ಕೆದಕುತ್ತಾರೆ.

ಎರಡನೆಯ ವರದಿಯಲ್ಲಿ ಆ ಜಾಗವನ್ನು ಪಾರ್ಕಿಂಗ್ ದರಕ್ಕೆ ಇಳಿಸಿ, ಶಟರ್ ಮರಳಿ ಕೂರಿಸುವ ಖರ್ಚನ್ನೂ ಕಳೆದು ಬರೆದೆ. ಮಾಲೀಕರ ಕಾರು ಅಂದೂ ಎದುರುಮನೆಯ ಗೇಟಿನ ಪಕ್ಕ, ಹೊದಿಕೆ ಹೊದ್ದು ರಸ್ತೆಯಲ್ಲೇ ನಿಂತಿತ್ತು.